ಮಣ್ಣಿಗಿಳಿದ ವಿಕಿರಣ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಮನೆ ಸುತ್ತ ಸ್ವಲ್ಪ ತೆಂಗು, ಅಡಿಕೆ, ಕೆಳಗೆ ಒಂದು ತುಂಡು ಬೈಲು ಗದ್ದೆ ಉಂಟು. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ ಅಪಘಾತ ಆದಾಗ ಊರಿನ ಯುವಕ ಮಂಡಲದವರು ಒಂದು ಗಂಟೆ ಮಾತಾಡಿ ಅಂತ ಕರೆದಿದ್ದರು. ಆ ಒಂದು ಗಂಟೆ ಇನ್ನೂ ಮುಗಿದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಡೈರಿಯಲ್ಲಿ ಹಾಲು ಅಳೆಯುವಾಗ, ಹಳೆ ವಿದ್ಯಾರ್ಥಿಗಳ ಪತ್ರದಲ್ಲಿ, ವಾಟ್ಸಾಪ್‌ನಲ್ಲಿ ಕೇಳುತ್ತಲೇ ಇದ್ದಾರೆ. ಅಪಘಾತದ ದಿನದ ಬಗ್ಗೆ ಕೇಳುವವರು ಕಡಿಮೆ. ಆಮೇಲೆ ಮಣ್ಣಿನ ಗತಿ ಏನು ಅಂತ ಕೇಳುವವರೇ ಜಾಸ್ತಿ. ಕೃಷಿಕರ ಊರಲ್ವಾ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿನಿಂದ

ಮಾಷ್ಟ್ರೇ, ವಿಕಿರಣ ಅಂದರೆ ಬೆಳಕಿನ ಹಾಗೆ ಬಂದು ಹೋಗುವುದಲ್ವಾ? ಅದು ಮಣ್ಣಿಗೆ ಅಂಟಿಕೊಳ್ಳುವುದು ಹೇಗೆ?

ಇಲ್ಲಿ ಎರಡು ಸಂಗತಿ ಉಂಟು. ಕಿರಣ ಒಂದು, ಕಿರಣ ಬಿಡುವ ವಸ್ತು ಇನ್ನೊಂದು. ಮಲ್ಲಿಗೆ ಮುಡಿದವರು ಪಕ್ಕದಲ್ಲಿ ಹಾದು ಹೋದರೆ ಪರಿಮಳ ಬರುತ್ತದೆ, ಹೋಗುತ್ತದೆ. ಅದೇ ಶಂಕರಪುರ ಮಲ್ಲಿಗೆಯ ಒಂದು ಚೆಂಡು ಮಂಚದ ಹಿಂದೆ ಬಿದ್ದು ಉಳಿದರೆ? ಅದು ಬಾಡುವವರೆಗೂ ಕೋಣೆ ಪೂರ್ತಿ ಪರಿಮಳ.

ಎಕ್ಸ್‌ರೇ ಮೊದಲನೇ ಥರ. ಯಂತ್ರ ಆಫ್ ಮಾಡಿದರೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಅಣು ಸ್ಥಾವರದ ದೊಡ್ಡ ಅಪಘಾತ ಎರಡನೇ ಥರ. ರಿಯಾಕ್ಟರಿನ ಒಳಗಿನ ವಸ್ತು ಆವಿಯಾಗಿ, ಸಣ್ಣ ಧೂಳಾಗಿ ಮೇಲೆ ಹೋಗುತ್ತದೆ. ಗಾಳಿ ಹೊತ್ತುಕೊಂಡು ಹೋಗುತ್ತದೆ, ಮಳೆ ಕೆಳಗಿಳಿಸುತ್ತದೆ. ಮಣ್ಣಿಗೆ ಬಿದ್ದ ಆ ಕಣಗಳು ಅಲ್ಲೇ ಕೂತು ಕಿರಣ ಬಿಡುತ್ತಾ ಇರುತ್ತವೆ. ಬಾಡುವವರೆಗೆ.

ಬಾಡಲಿಕ್ಕೆ ಎಷ್ಟು ಸಮಯ? ಒಬ್ಬರು ಎಂಟು ದಿನ ಅಂತಾರೆ, ಇನ್ನೊಬ್ಬರು ಸಾವಿರಾರು ವರ್ಷ ಅಂತಾರೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಹೇಳುತ್ತಿರುವುದು ಬೇರೆ ಬೇರೆ ವಸ್ತುವಿನ ಬಗ್ಗೆ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಅಂದರೆ 8 ದಿನಕ್ಕೆ ಅರ್ಧ, ಇನ್ನು 8 ದಿನಕ್ಕೆ ಕಾಲು. ಎರಡು ಮೂರು ತಿಂಗಳಿಗೆ ಹೆಚ್ಚುಕಮ್ಮಿ ಖಾಲಿ. ಆದರೆ ಅಷ್ಟರೊಳಗೆ ಅದು ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಹೋಗಿಬಿಡುತ್ತದೆ. ಈಗಿನ ಉಕ್ರೇನಿನ ಚೆರ್ನೋಬಿಲ್ ಅಣು ಸ್ಥಾವರ 1986ರಲ್ಲಿ ಸಿಡಿದ ನಂತರ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದು ಹೀಗೆ.

ಸೀಸಿಯಂ-134 ಎರಡು ವರ್ಷದ್ದು. ಸೀಸಿಯಂ-137 30 ವರ್ಷದ್ದು. ಸ್ಟ್ರಾನ್ಷಿಯಂ-90 ಸುಮಾರು 29 ವರ್ಷದ್ದು. ಪ್ಲುಟೋನಿಯಂ-239 ಅಂತೂ 24,000 ವರ್ಷದ್ದು. ಅದು ಭಾರದ ಕಣ, ಹೆಚ್ಚಿನ ಪಾಲು ಸ್ಥಾವರದ ಹತ್ತಿರವೇ ಬೀಳುತ್ತದೆ. ಹಾಗಾಗಿ ಕೃಷಿ ಮಣ್ಣಿನ ವಿಷಯ ಬಂದಾಗ ಮುಖ್ಯ ಕಳ್ಳ ಒಬ್ಬನೇ, ಸೀಸಿಯಂ-137. ಕೆಳಗಿನ ಉತ್ತರಗಳಲ್ಲಿ ಸುಮ್ನೆ ‘ಸೀಸಿಯಂ’ ಅಂದರೆ ಅವನೇ.

30 ವರ್ಷ ಅಂದಿರಿ. ಹಾಗಾದರೆ ಚೆರ್ನೋಬಿಲ್‌ನದ್ದು ಮುಗಿಯಿತಲ್ಲ?

ಇಲ್ಲ. 1986ರ ಏಪ್ರಿಲ್ 26ಕ್ಕೆ ಬಿದ್ದದ್ದು 2016ಕ್ಕೆ ಅರ್ಧ ಆಯಿತು. 2046ಕ್ಕೆ ಕಾಲು ಭಾಗ ಇರುತ್ತದೆ. ಸಾವಿರದ ಒಂದು ಪಾಲಿಗೆ ಇಳಿಯಬೇಕಾದರೆ ಹತ್ತು ಅರ್ಧಾಯುಷ್ಯ, ಅಂದರೆ 300 ವರ್ಷ ಬೇಕು.

ಬೆಕರೆಲ್, ಮಿಲಿಸೀವರ್ಟ್ ಅಂತ ಪೇಪರಿನಲ್ಲಿ ಬರುತ್ತದೆ. ನಮಗೆ ಅರ್ಥ ಆಗುವ ಹಾಗೆ ಹೇಳಿ ಮಾರಾಯ್ರೆ.

ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕರೆಲ್. ಅದು ಎಷ್ಟು ಹನಿ ಬಿತ್ತು ಅನ್ನುವ ಲೆಕ್ಕ. ಸೀವರ್ಟ್ ಅಂದರೆ ನೀವು ಎಷ್ಟು ಒದ್ದೆಯಾದಿರಿ ಅನ್ನುವ ಲೆಕ್ಕ. ಹೊರಗೆ ಧೋ ಅಂತ ಮಳೆ ಇದ್ದರೂ ಚಾವಡಿಯಲ್ಲಿ ಕೂತವನು ಒದ್ದೆಯಾಗುವುದಿಲ್ಲ ಅಲ್ವಾ?

ಬೆಕರೆಲ್ ಬಹಳ ಸಣ್ಣ ಅಳತೆ, ಅದಕ್ಕೇ ಸಂಖ್ಯೆ ಕೇಳಿ ಹೆದರುತ್ತೇವೆ. ಪೊಟ್ಯಾಸಿಯಂನಲ್ಲಿ ಸಹಜವಾಗಿಯೇ ಸ್ವಲ್ಪ ವಿಕಿರಣಶೀಲ ಪಾಲು ಇರುತ್ತದೆ. ಒಂದು ಬೊಂಡದ ನೀರಿನಲ್ಲಿ ಸುಮಾರು 20 ಬೆಕರೆಲ್ ಆಗಬಹುದು. ನಮ್ಮ ಮೈಯಲ್ಲೇ 4,000 ಬೆಕರೆಲ್‌ನಷ್ಟು ಉಂಟು. ಸಹಜ ವಿಕಿರಣದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ತಾಗುವುದು ಪ್ರಪಂಚದ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಫುಕುಶಿಮಾದಲ್ಲಿ ಜನರನ್ನು ಮನೆ ಬಿಡಿಸಿದ್ದು ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಹುದಾದ ಕಡೆ. ಈ ಎರಡು ಸಂಖ್ಯೆ ನೆನಪಿಟ್ಟರೆ ಪೇಪರ್ ಓದಲು ಸಾಕು.

## ಮಣ್ಣು, ಮಳೆ, ಬೆಳೆ

ನಮ್ಮಲ್ಲಿ ಬೀಳುವ ಮಳೆಗೆ ಎಂತ ಉಳಿಯುತ್ತದೆ? ಒಂದು ಆಟಿಯ ಮಳೆಗೆ ಎಲ್ಲ ತೊಳೆದು ಕಡಲಿಗೆ ಹೋಗುವುದಿಲ್ವಾ?

ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಉತ್ತರ ಕೇಳಿ ಅತಿ ಹೆಚ್ಚು ಜನ ಬೇಜಾರಾದದ್ದೂ ಇದಕ್ಕೇ.

ಮೊದಲನೇದಾಗಿ, ಮಾರಿಯನ್ನು ಕೆಳಗಿಳಿಸುವುದೇ ಮಳೆ. ಫುಕುಶಿಮಾದ ಈತಾತೆ ಎಂಬ ಹಳ್ಳಿ ಸ್ಥಾವರದಿಂದ 30-40 ಕಿ.ಮೀ. ದೂರ, ಮೊದಲು ಜನರನ್ನು ಹೊರಡಿಸಿದ 20 ಕಿ.ಮೀ. ವಲಯದ ಹೊರಗೆ. 2011ರ ಮಾರ್ಚ್ 15ರಂದು ಗಾಳಿ ವಾಯವ್ಯಕ್ಕೆ ತಿರುಗಿತು. ಅದೇ ಹೊತ್ತಿಗೆ ಮಳೆ, ಹಿಮ ಬಿತ್ತು. ಸ್ಥಾವರಕ್ಕೆ ಇನ್ನೂ ಹತ್ತಿರ ಇದ್ದ ಎಷ್ಟೋ ಊರುಗಳಿಗಿಂತ ಈತಾತೆಗೆ ಜಾಸ್ತಿ ಬಿದ್ದಿತ್ತು. ನಕ್ಷೆಯಲ್ಲಿ ಕಂಪಾಸ್ ಇಟ್ಟು ವೃತ್ತ ಎಳೆದರೆ ಸಾಲದು ಎನ್ನುವುದು ಅಲ್ಲಿ ಗೊತ್ತಾಯಿತು.

ಎರಡನೇದು, ಬಿದ್ದ ಮೇಲೆ ತೊಳೆದು ಹೋಗುವುದಿಲ್ಲ. ಹಲಸಿನ ಹಣ್ಣು ಕೊಯ್ದ ಕೈ ನೀರಿನಲ್ಲಿ ತೊಳೆದು ನೋಡಿ. ಮೇಣ ಹೋಗುತ್ತದಾ? ಸೀಸಿಯಂ ಜೇಡಿಯ ಕಣಗಳಿಗೆ ಹಾಗೆ ಅಂಟುತ್ತದೆ. ಕೆಲವು ಜಾತಿಯ ಜೇಡಿ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಹಾಳೆಗಳ ಅಂಚಿನ ಸಂದಿನಲ್ಲಿ ಸೀಸಿಯಂ ಸರಿಯಾಗಿ ಕೂರುವಷ್ಟೇ ಜಾಗ. ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದು ಕಷ್ಟ. ಫುಕುಶಿಮಾದಲ್ಲಿ ಉಳದೆ ಬಿಟ್ಟ ಜಾಗಗಳಲ್ಲಿ ವರ್ಷಗಳ ನಂತರವೂ ಹೆಚ್ಚಿನ ಪಾಲು ಮೇಲಿನ 5 ಸೆಂ.ಮೀ. ಒಳಗೇ ಇತ್ತು.

ಮಳೆ ಕೊಂಡೊಯ್ಯುವುದು ಮಣ್ಣನ್ನೇ. ಮಣ್ಣಿನ ಜೊತೆ ಸೀಸಿಯಂ ಗುಡ್ಡೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಕೊನೆಗೆ ಅಣೆಕಟ್ಟಿನ ಕೆಸರಿಗೆ ಹೋಗುತ್ತದೆ.

ಅದು ಜಪಾನಿನ ಮಣ್ಣಾಯಿತು. ನಮ್ಮ ಕೆಂಪು ಮಣ್ಣಿನಲ್ಲಾದರೆ?

ಇದನ್ನು ಕೇಳಿದವರು ಕಾರ್ಕಳದ ಒಬ್ಬ ಕೃಷಿಕರು. ನನಗೆ ಬಹಳ ಖುಷಿಯಾಯಿತು, ಯಾಕೆಂದರೆ ಎಲ್ಲ ಇರುವುದು ಇಲ್ಲೇ. ಎಷ್ಟು ವರ್ಷ ಅನ್ನುವುದನ್ನು ಅರ್ಧಾಯುಷ್ಯ ಅರ್ಧ ಹೇಳುತ್ತದೆ. ಉಳಿದರ್ಧ ಹೇಳುವುದು ಮಣ್ಣು.

ಕರಾವಳಿಯ ಮುರಕಲ್ಲಿನ ಮಣ್ಣು ಲಕ್ಷಾಂತರ ವರ್ಷದ ಮಳೆಗೆ ತೊಳೆದು ತೊಳೆದು ಸವೆದ ಮಣ್ಣು. ಅದರಲ್ಲಿ ಕಬ್ಬಿಣ ಉಂಟು, ಜೇಡಿಯೂ ಉಂಟು. ಆದರೆ ಆ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಜಾತಿಯದ್ದು. ಸೀಸಿಯಂ ಹಿಡಿದಿಟ್ಟುಕೊಳ್ಳುವ ಅಂಚಿನ ಸಂದು ಅದರಲ್ಲಿ ಬಹಳ ಕಡಿಮೆ. ಮೇಲಿಂದ ಮಣ್ಣು ಹುಳಿ, ಪೊಟ್ಯಾಷ್ ಕೊರತೆ ಬೇರೆ. ಈ ಮೂರೂ ಸೇರಿದರೆ ಸೀಸಿಯಂ ಸಡಿಲವಾಗಿ ಉಳಿಯುತ್ತದೆ, ಬೇರಿಗೆ ಸುಲಭವಾಗಿ ಸಿಗುತ್ತದೆ. ಅಂದರೆ ಅಷ್ಟೇ ಬೆಕರೆಲ್ ಬಿದ್ದರೂ ಗಟ್ಟಿ ಜೇಡಿಯ ಊರಿಗಿಂತ ಇಲ್ಲಿನ ಸೊಪ್ಪು ತರಕಾರಿಗೆ ಜಾಸ್ತಿ ಹತ್ತುವ ಸಾಧ್ಯತೆ.

ಮಣ್ಣಿನ ಗುಣ ಏನೆಲ್ಲ ಮಾಡಬಹುದು ಅಂತ ನೋಡಬೇಕಾದರೆ ಬ್ರಿಟನ್ನಿನ ಕುರಿಗಳನ್ನು ನೋಡಿ. ಚೆರ್ನೋಬಿಲ್‌ನಿಂದ ವೇಲ್ಸ್ ಗುಡ್ಡಗಳು 2,000 ಕಿ.ಮೀ.ಗೂ ದೂರ. 1986ರ ಮೇ ತಿಂಗಳ ಮಳೆಗೆ ಅಲ್ಲಿ ಸ್ವಲ್ಪ ಸೀಸಿಯಂ ಬಿತ್ತು. ಕೆಲವು ವಾರದಲ್ಲಿ ಸರಿಯಾಗುತ್ತದೆ ಅಂದುಕೊಂಡರು. ಆದರೆ ಅದು ಜೇಡಿ ಕಡಿಮೆ ಇರುವ, ಕೊಳೆತ ಗಿಡಗಂಟಿಯ ಹುಳಿ ಮಣ್ಣು. ಸೀಸಿಯಂ ಬಂಧಿಯಾಗಲಿಲ್ಲ. ಹುಲ್ಲಿಗೆ, ಕುರಿಗೆ, ಮತ್ತೆ ಹಿಕ್ಕೆಯ ಮೂಲಕ ಮಣ್ಣಿಗೆ ಸುತ್ತುತ್ತಲೇ ಇತ್ತು. ಕುರಿ ಮಾರಾಟದ ಮೇಲಿನ ಕಟ್ಟುಪಾಡು ಪೂರ್ತಿ ತೆಗೆದದ್ದು 2012ರಲ್ಲಿ. ಕೆಲವು ವಾರ ಅಂದದ್ದು 26 ವರ್ಷ ಆಯಿತು.

ಇನ್ನೊಂದು ಮಾತು. ನಮ್ಮಲ್ಲಿ ಒಂದೇ ಮನೆಯ ಬೆಟ್ಟು, ಮಜಲು, ಬೈಲು, ಅಂದರೆ ಮೇಲಿನ, ನಡುವಿನ, ತಗ್ಗಿನ ಗದ್ದೆಗಳ ಮಣ್ಣು ಒಂದೇ ಅಲ್ಲ. ಬೈಲಿಗೆ ಮೇಲಿನ ಸಣ್ಣ ಜೇಡಿ ಇಳಿದು ಬಂದು ಕೂತಿರುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ಮೂರು ಬೇರೆ ಉತ್ತರ ಸಿಕ್ಕಿದರೂ ನನಗೆ ಆಶ್ಚರ್ಯ ಆಗುವುದಿಲ್ಲ.

ಗಿಡಕ್ಕೆ ಬುದ್ಧಿ ಇಲ್ವಾ? ವಿಷವನ್ನು ಯಾಕೆ ಹೀರಿಕೊಳ್ಳುತ್ತದೆ?

ಗಿಡಕ್ಕೆ ಅದು ಪೊಟ್ಯಾಸಿಯಂ ಅನ್ನಿಸುತ್ತದೆ. ಮೂಲವಸ್ತುಗಳ ಪಟ್ಟಿಯಲ್ಲಿ ಸೀಸಿಯಂ ಮತ್ತು ಪೊಟ್ಯಾಸಿಯಂ ಒಂದೇ ಗುಂಪಿನ ದಾಯಾದಿಗಳು. ಹಸಿದ ಬೇರು ಮುಖ ನೋಡುವುದಿಲ್ಲ, ಎರಡನ್ನೂ ಒಳಗೆ ಬಿಡುತ್ತದೆ. ಸ್ಟ್ರಾನ್ಷಿಯಂ ಇದೇ ಥರ ಕ್ಯಾಲ್ಸಿಯಂ ವೇಷದಲ್ಲಿ ಬರುತ್ತದೆ. ಅದಕ್ಕೇ ಅದು ಮೂಳೆಗೆ ಹೋಗಿ ಕೂರುವುದು.

ಉಪಾಯವೂ ಇದರಲ್ಲೇ ಉಂಟು. 2011ರಲ್ಲಿ ಜಪಾನಿನವರು, ಕಿಲೋಗೆ 5,000 ಬೆಕರೆಲ್‌ಗಿಂತ ಕಡಿಮೆ ಇರುವ ಗದ್ದೆಯಲ್ಲಿ ಭತ್ತ ಬೆಳೆಯಬಹುದು ಅಂದರು. ಆ ನವೆಂಬರಿನಲ್ಲಿ ಫುಕುಶಿಮಾ ನಗರದ ಓನಾಮಿ ಎಂಬಲ್ಲಿನ ಅಕ್ಕಿ ಆಗಿನ ಮಿತಿ 500 ದಾಟಿತು. ಮಣ್ಣಿನಲ್ಲಿ ಸೀಸಿಯಂ ಮಿತಿಯೊಳಗೇ ಇತ್ತು. ಹಾಗಾದರೆ ಹೇಗೆ? ಹುಡುಕಿದರೆ ಗದ್ದೆಯಲ್ಲಿ ಪೊಟ್ಯಾಷ್ ಬಹಳ ಕಡಿಮೆ. ಆಮೇಲೆ ಊರೂರಿಗೆ ಪೊಟ್ಯಾಷ್ ಗೊಬ್ಬರ ಹಾಕಿಸಿದರು. 2012ರಿಂದ ಫುಕುಶಿಮಾ ಪ್ರಾಂತದ ಅಕ್ಕಿಯ ಪ್ರತಿ ಚೀಲವನ್ನೂ ಅಳೆದರು, ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲ. 2015ರ ಬೆಳೆಯಿಂದ ಈಚೆಗೆ ಆ ಪರೀಕ್ಷೆಯಲ್ಲಿ ಮಿತಿ ದಾಟಿದ ಒಂದು ಚೀಲವೂ ಸಿಗಲಿಲ್ಲ. ಪೊಟ್ಯಾಷ್ ಅಂದರೆ ಸೊಸೈಟಿಯಲ್ಲಿ ಸಿಗುವ ಅದೇ ಕೆಂಪು ಹರಳು, ಬೇರೆ ಮದ್ದಲ್ಲ.

ತೆಂಗಿಗೂ ಬರುತ್ತದಾ? ಅಷ್ಟು ಎತ್ತರದ ಮರ.

ಬರುತ್ತದೆ. ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಕಥೆ ಅಪಘಾತದ್ದಲ್ಲ, ಬಾಂಬ್ ಪರೀಕ್ಷೆಯದ್ದು. ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ 1946ರಿಂದ 1958ರವರೆಗೆ 23 ಬಾಂಬ್ ಸಿಡಿಸಿತು. ಹವಳದ ಮಣ್ಣು. ಜೇಡಿ ಇಲ್ಲ, ಪೊಟ್ಯಾಷ್ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ತೊಂದರೆ ಇಲ್ಲ ಅಂತ ಹೇಳಿ ದ್ವೀಪದವರಲ್ಲಿ ಕೆಲವರನ್ನು ಮರಳಿ ಕರೆತಂದರು. ಅವರು ಹೊಸದಾಗಿ ನೆಟ್ಟ ತೆಂಗು ಫಲಕ್ಕೆ ಬಂತು. ಕಾಯಿ ತಿಂದರು, ಎಳನೀರು ಕುಡಿದರು. ಮೈಯಲ್ಲಿ ಸೀಸಿಯಂ ಏರಿತು. 1978ರಲ್ಲಿ ಮತ್ತೆ ಎಲ್ಲರನ್ನೂ ಹೊರಡಿಸಿದರು.

ಆಮೇಲೆ ಅಲ್ಲಿ ತೆಂಗಿನ ಬುಡಕ್ಕೆ ಪೊಟ್ಯಾಷ್ ಹಾಕಿ ನೋಡಿದರು. ಕಾಯಿಯ ಸೀಸಿಯಂ ಹತ್ತನೇ ಒಂದು ಪಾಲಿಗೂ ಕೆಳಗಿಳಿಯಿತು. ತೆಂಗಿಗೆ ಪೊಟ್ಯಾಷ್ ಎಷ್ಟು ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅಕ್ಕಿ ಚೆನ್ನಾಗಿ ತೊಳೆದು ಬೇಯಿಸಿದರೆ ಸಾಯುವುದಿಲ್ವಾ? ನಮ್ಮದು ಕುಚ್ಚಲಕ್ಕಿ, ಎರಡು ಸಲ ಬೇಯುತ್ತದೆ.

ವಿಕಿರಣ ರೋಗಾಣು ಅಲ್ಲ, ಬೆಂಕಿಗೆ ಸಾಯುವುದಿಲ್ಲ. ಆದರೆ ಸೀಸಿಯಂ ನೀರಿನಲ್ಲಿ ಕರಗುತ್ತದೆ. ಸೊಪ್ಪು, ತರಕಾರಿ ಬೇಯಿಸಿ ನೀರು ಚೆಲ್ಲಿದರೆ ಒಂದಷ್ಟು ಹೋಗುತ್ತದೆ. ಅಕ್ಕಿಯಲ್ಲಿ ಅದು ಹೆಚ್ಚಾಗಿ ತೌಡಿನಲ್ಲಿ ಇರುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಕಡಿಮೆ, ತೌಡು ಉಳಿಸಿಕೊಂಡ ಅಕ್ಕಿಯಲ್ಲಿ ಜಾಸ್ತಿ. ಆರೋಗ್ಯಕ್ಕೆ ಒಳ್ಳೆಯದು ಅಂತ ನಾವು ಯಾವುದನ್ನು ಉಳಿಸುತ್ತೇವೋ ಅದರಲ್ಲೇ! ತೌಡನ್ನು ದನಕ್ಕೆ ಹಾಕುವವರೂ ಇದನ್ನು ಗಮನಿಸಬೇಕಾಗುತ್ತದೆ.

ದನಕ್ಕೆ ಎಂತ ಹಾಕುವುದು? ಹಾಲಿಗೆ ಬರದ ಹಾಗೆ ಮಾಡಲಿಕ್ಕೆ ಆಗುತ್ತದಾ?

ಆಗುತ್ತದೆ, ಮೇವು ಬದಲಿಸಿದರೆ. ಹೊರಗಿನಿಂದ ಶುದ್ಧ ಮೇವು ತಂದು ಹಾಕಿದರೆ ಕೆಲವು ವಾರಗಳಲ್ಲಿ ಹಾಲು, ಮಾಂಸ ಎರಡರಲ್ಲೂ ಇಳಿಯುತ್ತದೆ. ಪ್ರಷ್ಯನ್ ನೀಲಿ ಅಂತ ಒಂದು ಬಣ್ಣದ ಪುಡಿ ಉಂಟು. ಅದನ್ನು ಮೇವಿಗೆ ಸೇರಿಸಿದರೆ ಹೊಟ್ಟೆಯಲ್ಲೇ ಸೀಸಿಯಂ ಹಿಡಿದು ಸೆಗಣಿಯ ಜೊತೆ ಹೊರಗೆ ಹಾಕುತ್ತದೆ. ನಾರ್ವೆ, ಬೆಲಾರೂಸ್‌ಗಳಲ್ಲಿ ಇದನ್ನು ಬಳಸಿದರು.

ಎಡವಿದ್ದು ಎಲ್ಲಿ ಗೊತ್ತಾ? ಬೈಹುಲ್ಲಿನಲ್ಲಿ. ಜಪಾನಿನಲ್ಲಿ 2010ರ ಕೊಯ್ಲಿನ ಹುಲ್ಲು ಗದ್ದೆಯಲ್ಲೇ ಬಿದ್ದಿತ್ತು. ಮಾರ್ಚ್‌ನಲ್ಲಿ ಅದರ ಮೇಲೆ ಮಳೆ ಬಿತ್ತು. ಹಸಿ ಹುಲ್ಲು ಹಾಕಬೇಡಿ ಅಂತ ಹೇಳಿದ್ದರು, ಬೈಹುಲ್ಲಿನ ನೆನಪು ಎಲ್ಲರಿಗೂ ಆಗಲಿಲ್ಲ. ಜುಲೈ ಹೊತ್ತಿಗೆ ಅದನ್ನು ತಿಂದ ದನಗಳ ಮಾಂಸ ಅಂಗಡಿಗೆ ಹೋಗಿಯಾಗಿತ್ತು. ಅಂಗಳದ ಹುಲ್ಲಿನ ಕುತ್ರಿಗೆ ನಾವು ಪ್ಲಾಸ್ಟಿಕ್ ಹೊದಿಸುವುದು ಮಳೆಗೆ ಕೊಳೆಯದಿರಲಿ ಅಂತ. ಇಂಥ ದಿನದಲ್ಲಿ ಆ ಒಂದು ಪ್ಲಾಸ್ಟಿಕ್ ಹಟ್ಟಿಯನ್ನು ಉಳಿಸುತ್ತದೆ.

ಮೀನು?

ಕಡಲ ಮೀನು ಮೈಯೊಳಗಿನ ಉಪ್ಪನ್ನು ಸದಾ ಹೊರಗೆ ಹಾಕುತ್ತಾ ಇರುತ್ತದೆ, ಜೊತೆಗೆ ಸೀಸಿಯಂ ಕೂಡ ಹೋಗುತ್ತದೆ. ಕೆರೆ, ಹೊಳೆಯ ಮೀನು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅಪಘಾತದ ನಂತರ ಜಾಸ್ತಿ ದಿನ ತೊಂದರೆ ಕೊಡುವುದು ಸಿಹಿನೀರಿನ ಮೀನು. ಬಂಗುಡೆ, ಬೂತಾಯಿಗಿಂತ ಮುಗುಡು ಮೀನಿಗೆ ಹೆದರಬೇಕು.

ಕಲ್ಲಣಬೆ ತಿನ್ನಬಹುದಾ ಹಾಗಾದರೆ?

ಅಪಘಾತವಾದ ಊರಿನಲ್ಲಾದರೆ ನಾನು ಮೊದಲು ಬಿಡುವುದು ಅದನ್ನೇ. ಕಾಡಿನಲ್ಲಿ ಉಳುಮೆ ಇಲ್ಲ, ಗೊಬ್ಬರ ಇಲ್ಲ. ಎಲೆಗೆ ಬಿದ್ದದ್ದು ತರಗೆಲೆಯಾಗಿ ನೆಲಕ್ಕೆ, ನೆಲದಿಂದ ಬೇರಿಗೆ, ಬೇರಿನಿಂದ ಮತ್ತೆ ಎಲೆಗೆ. ಅಣಬೆ ಈ ಚಕ್ರದ ನಡುವೆ ಕೂತು ಸೀಸಿಯಂ ಬಾಚಿಕೊಳ್ಳುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಜಿಂಕೆ, ಹೈನು ಎಲ್ಲ ಸರಿಯಾದರೂ ಕಾಡುಹಂದಿ ಮಾಂಸ ಇವತ್ತಿಗೂ ಅಲ್ಲಲ್ಲಿ ಕಿಲೋಗೆ 600 ಬೆಕರೆಲ್ ಮಿತಿ ದಾಟುತ್ತದೆ. ಕಾರಣ, ಹಂದಿಗಳು ಮೂಗಿನಿಂದ ನೆಲ ಒಕ್ಕಿ ತಿನ್ನುವ ಒಂದು ಜಾತಿಯ ಅಣಬೆ. ಅದು ಮರದ ಬೇರಿನ ಹತ್ತಿರ ನೆಲದೊಳಗೆ ಉಂಡೆಯಾಗಿ ಬೆಳೆಯುತ್ತದೆ. ನಮ್ಮ ಕಲ್ಲಣಬೆಯನ್ನು ನೆನಪಿಸಿಕೊಳ್ಳಿ.

ಬಾವಿ ನೀರಿಗೆ ಇಳಿಯುತ್ತದಾ?

ಸೀಸಿಯಂ ಅಷ್ಟು ಸುಲಭವಾಗಿ ಬಾವಿಯ ಆಳಕ್ಕೆ ಹೋಗುವುದಿಲ್ಲ. ಸ್ಟ್ರಾನ್ಷಿಯಂ ಅದಕ್ಕಿಂತ ಚುರುಕು. ಚೆರ್ನೋಬಿಲ್ ನಂತರ ಪ್ರಿಪ್ಯಾತ್ ಹೊಳೆಯ ನೆರೆ ಬರುವ ದಂಡೆಗಳಿಂದ ಸ್ಟ್ರಾನ್ಷಿಯಂ ತೊಳೆದು ಬರುವುದೇ ಕೆಳಗಿನ ಊರುಗಳ ಚಿಂತೆಯಾಗಿತ್ತು. ನಮ್ಮಲ್ಲಾದರೆ ದಂಡೆ ಇಲ್ಲದ, ಮಳೆಗಾಲದಲ್ಲಿ ಅಂಗಳದ ನೀರು ನೇರ ಒಳಗೆ ಹೋಗುವ ಬಾವಿಗಳ ಬಗ್ಗೆ ಮೊದಲು ಯೋಚಿಸಬೇಕು.

## ಶುದ್ಧ ಮಾಡುವುದು

ಮೇಲಿನ ಮಣ್ಣು ಜೆಸಿಬಿಯಲ್ಲಿ ಕೆರೆದು ಬಿಸಾಡಿದರೆ ಆಯಿತಲ್ಲ?

ಎಲ್ಲಿಗೆ ಬಿಸಾಡುವುದು? ಒಂದು ಎಕರೆಯಲ್ಲಿ 5 ಸೆಂ.ಮೀ. ಕೆರೆದರೆ 200 ಘನ ಮೀಟರ್ ಮಣ್ಣು. ಹೊಯಿಗೆ ಲೆಕ್ಕದಲ್ಲಿ ಹೇಳಿದರೆ 70 ಯುನಿಟ್. ಅದು ಒಂದೇ ಎಕರೆಗೆ.

ಜಪಾನಿನವರು ಇದನ್ನೇ ಮಾಡಿದರು. ಕೆರೆದ ಮಣ್ಣನ್ನು ದೊಡ್ಡ ಕಪ್ಪು ಚೀಲಗಳಲ್ಲಿ ತುಂಬಿ ಗದ್ದೆಗಳಲ್ಲೇ ಸಾಲಾಗಿ ಪೇರಿಸಿದರು. ಆಮೇಲೆ ಸ್ಥಾವರದ ಸುತ್ತಲಿನ ಓಕುಮಾ, ಫುತಾಬಾ ಎಂಬ ಊರುಗಳಿಗೆ ಸಾಗಿಸಿದರು. ಈಗ ಅಲ್ಲಿ ಸುಮಾರು 1.4 ಕೋಟಿ ಘನ ಮೀಟರ್ ಉಂಟು. 2045ರ ಮಾರ್ಚ್ ಒಳಗೆ ಅದನ್ನು ಫುಕುಶಿಮಾದ ಹೊರಗೆ ವಿಲೇವಾರಿ ಮಾಡುತ್ತೇವೆ ಅಂತ ಕಾನೂನೇ ಇದೆ. ಯಾವ ಊರು ಬಾ ಅನ್ನುತ್ತದೆ? ಕಡಿಮೆ ವಿಕಿರಣದ ಮಣ್ಣನ್ನು ರಸ್ತೆ, ದಂಡೆಗಳಿಗೆ ಬಳಸಬಹುದು ಅಂತ ತೋರಿಸಲು 2025ರಲ್ಲಿ ಟೋಕಿಯೋದ ಪ್ರಧಾನಿ ಕಚೇರಿಯ ಹೂದೋಟಕ್ಕೇ ಸ್ವಲ್ಪ ತಂದು ಹಾಕಿದರು.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಬೆಳೆ ಬೆಳೆಸುವುದು ಆ ಮೇಲಿನ 5 ಸೆಂ.ಮೀ. ಮಣ್ಣೇ. ಅಜ್ಜನ ಕಾಲದಿಂದ ಹಾಕಿದ ಹಟ್ಟಿಗೊಬ್ಬರ ಎಲ್ಲ ಅಲ್ಲೇ ಇರುವುದು. ಅದನ್ನು ಚೀಲಕ್ಕೆ ತುಂಬಿದ ಮೇಲೆ ಅಲ್ಲಿಗೆ ತಂದು ಸುರಿಯುವುದು ಗುಡ್ಡ ಕಡಿದ ಮಣ್ಣು.

ಆಳವಾಗಿ ಉತ್ತು ಮೇಲಿನದ್ದನ್ನು ಅಡಿಗೆ ಹಾಕುವ ಕ್ರಮವೂ ಉಂಟು. ಆದರೆ ನಮ್ಮ ಬೆಟ್ಟು ಜಾಗದಲ್ಲಿ ಒಂದು ಗೇಣು ಇಳಿದರೆ ಮುರಕಲ್ಲು. ಆಳ ಎಲ್ಲಿಂದ ತರುವುದು?

ಸೂರ್ಯಕಾಂತಿ ನೆಟ್ಟರೆ ಎಲ್ಲ ಹೀರಿಕೊಳ್ಳುತ್ತದಂತೆ, ವಿಡಿಯೋ ನೋಡಿದೆ.

ಹೂವು ಚೆಂದ. ಜಪಾನಿನಲ್ಲಿ 2011ರ ಬೇಸಿಗೆಯಲ್ಲಿ ಎಕರೆಗಟ್ಟಲೆ ನೆಟ್ಟರು. ಕೃಷಿ ಇಲಾಖೆ ಅಳೆದು ನೋಡಿದರೆ ಮಣ್ಣಿನ ಸೀಸಿಯಂನಲ್ಲಿ ಹೂವು ಎತ್ತಿದ್ದು ಸುಮಾರು 2,000ದಲ್ಲಿ ಒಂದು ಪಾಲು. ನೀರಿನಲ್ಲಿ ಕರಗಿದ್ದನ್ನು ಹೀರುವುದು ಬೇರೆ, ಜೇಡಿಯ ಬಾಯಿಂದ ಕಿತ್ತುಕೊಳ್ಳುವುದು ಬೇರೆ.

ಸೆಗಣಿ ಸಾರಿಸಿದ ಮನೆಗೆ ವಿಕಿರಣ ತಾಗುವುದಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು.

ಅಜ್ಜಿ ಹೇಳಿದ್ದು ನೆಲ ತಂಪು, ಕ್ರಿಮಿ ಕಡಿಮೆ ಅಂತ ಇರಬೇಕು. ವಿಕಿರಣದ ಮಾತು ಆಮೇಲೆ ಯಾರೋ ಸೇರಿಸಿದ್ದು. ಸೀಸಿಯಂನ ಗಾಮಾ ಕಿರಣವನ್ನು ಅರ್ಧಕ್ಕೆ ಇಳಿಸಲು ಸುಮಾರು 5 ಸೆಂ.ಮೀ. ಕಾಂಕ್ರೀಟ್ ಬೇಕು. ಸೆಗಣಿಯ ಒಂದು ಪೊರೆ ಏನು ಮಾಡೀತು? ದಪ್ಪ ಮುರಕಲ್ಲಿನ ಗೋಡೆ ಸಾಕಷ್ಟು ತಡೆಯುತ್ತದೆ, ಅದೂ ನಮ್ಮ ಹಿರಿಯರದ್ದೇ. ಬೇಕಾದರೆ ಅದನ್ನು ಹೊಗಳೋಣ.

ತರಗೆಲೆ, ಸುಡುಮಣ್ಣು, ಬಚ್ಚಲ ಒಲೆಯ ಬೂದಿ ಹಾಕಬಹುದಲ್ಲ? ಬೂದಿಯಲ್ಲಿ ಪೊಟ್ಯಾಷ್ ಉಂಟಲ್ಲ?

ಬಹಳ ಸೂಕ್ಷ್ಮದ ಪ್ರಶ್ನೆ. ಕುಮ್ಕಿಯ, ಅಂದರೆ ತೋಟಕ್ಕೆ ತಾಗಿದ ಸರ್ಕಾರಿ ಗುಡ್ಡೆಯ, ಸೊಪ್ಪು, ತರಗೆಲೆ ಹಟ್ಟಿಗೆ ಹಾಕಿ, ಆ ಗೊಬ್ಬರ ತೋಟಕ್ಕೆ ಹಾಕುವುದು ನಮ್ಮ ಕೃಷಿಯ ಪ್ರಾಣ. ಆದರೆ ಸೀಸಿಯಂ ಬಿದ್ದ ಊರಿನಲ್ಲಿ ಅದೇ ದಾರಿಯಲ್ಲಿ ಕಾಡಿನದ್ದು ಬುಟ್ಟಿ ಬುಟ್ಟಿಯಾಗಿ ತೋಟಕ್ಕೆ ಬರುತ್ತದೆ. ಜಪಾನಿನಲ್ಲಿ ಎಲೆಗೊಬ್ಬರಕ್ಕೂ ಕಿಲೋಗೆ 400 ಬೆಕರೆಲ್ ಅಂತ ಮಿತಿ ಹಾಕಿದರು.

ಬೂದಿ ಇನ್ನೂ ಕಷ್ಟ. ಕಟ್ಟಿಗೆ ಉರಿದು ಹೋಗುತ್ತದೆ, ಸೀಸಿಯಂನ ಹೆಚ್ಚಿನ ಪಾಲು ಬೂದಿಯಲ್ಲಿ ಉಳಿಯುತ್ತದೆ. ಒಂದು ಹೊರೆ ಕಟ್ಟಿಗೆಯದ್ದು ಒಂದು ಸೇರು ಬೂದಿಯಲ್ಲಿ. ಅದಕ್ಕೇ ಅಲ್ಲಿ ಸೌದೆಗೆ ಕಿಲೋಗೆ 40 ಬೆಕರೆಲ್ ಮಾತ್ರ ಅಂತ ಮಿತಿ, ಅನ್ನಕ್ಕಿರುವ 100ಕ್ಕಿಂತಲೂ ಬಿಗಿ. ನಾನು ಪ್ರತಿ ವರ್ಷ ಮಾರ್ಚ್‌ನಲ್ಲಿ ಬದನೆ, ಅಲಸಂಡೆಗೆ ಅಂತ ಸುಡುಮಣ್ಣು ಮಾಡುತ್ತೇನೆ. ಹೊಗೆಯ ವಾಸನೆ ಮೂಗಿಗೆ ಬಂದಾಗಲೆಲ್ಲ ಈ 40 ನೆನಪಾಗುತ್ತದೆ.

## ನಮ್ಮ ಊರಿನ ಮಾತು

ಕೈಗಾದಲ್ಲಿ ಏನಾದರೂ ಆದರೆ ಉಡುಪಿ, ಮಂಗಳೂರಿಗೆ ಬರುತ್ತದಾ? ಸತ್ಯ ಹೇಳಿ.

ನೇರ ಗೆರೆ ಎಳೆದರೆ ಕೈಗಾದಿಂದ ಉಡುಪಿಗೆ ಸುಮಾರು 170 ಕಿ.ಮೀ., ಮಂಗಳೂರಿಗೆ 220ರ ಹತ್ತಿರ. ಭಾರತದಲ್ಲಿ ತುರ್ತು ಯೋಜನೆ ಮಾಡುವುದು ಸ್ಥಾವರದ ಸುತ್ತ 16 ಕಿ.ಮೀ.ಗೆ. ಜನರನ್ನು ಊರು ಬಿಡಿಸುವಂಥದ್ದು ಇಷ್ಟು ದೂರಕ್ಕೆ ಬರುವುದು ಬಹಳ ಕಷ್ಟ. ಆದರೆ ಚೆರ್ನೋಬಿಲ್ ಸೀಸಿಯಂ ಬೆಲಾರೂಸ್‌ನಲ್ಲಿ 200 ಕಿ.ಮೀ. ದೂರದ ಮೊಗಿಲ್ಯೋವ್ ಪ್ರಾಂತದಲ್ಲೂ ಮಳೆ ಬಿದ್ದ ಕಡೆ ದಟ್ಟವಾಗಿ ಕೂತಿತ್ತು. ಅದನ್ನೂ ಮರೆಯಬಾರದು. ಆ ದಿನದ ಗಾಳಿ ಎತ್ತ, ಮಳೆ ಎಲ್ಲಿ ಅನ್ನುವುದರ ಮೇಲೆ ಎಲ್ಲ. ಮಳೆಗಾಲದಲ್ಲಿ ನಮ್ಮ ಗಾಳಿ ಕಡಲಿನಿಂದ ಘಟ್ಟದ ಕಡೆಗೆ ಬೀಸುತ್ತದೆ.

ಕೈಗಾ ರಿಯಾಕ್ಟರು ಚೆರ್ನೋಬಿಲ್ ಥರದ್ದಲ್ಲ. ಭಾರಜಲದ್ದು, ಸುತ್ತ ಕಾಂಕ್ರೀಟ್ ಕವಚ ಉಂಟು. ಕಟ್ಟುವಾಗ 1994ರಲ್ಲಿ ಒಂದು ಗುಮ್ಮಟದ ಒಳಪದರ ಕಳಚಿ ಬಿದ್ದದ್ದು ನಿಜ. ಅದನ್ನು ಮತ್ತೆ ವಿನ್ಯಾಸ ಮಾಡಿ ಕಟ್ಟಿದರು. 2018ರ ಕೊನೆಗೆ ಅದರ ಒಂದನೇ ಘಟಕ ನಿಲ್ಲದೆ 962 ದಿನ ಓಡಿ ದಾಖಲೆ ಮಾಡಿದ್ದೂ ನಿಜ. 2009ರಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಸೇರಿದ ಪ್ರಕರಣ ಸ್ಥಾವರದ ಒಳಗಿನದ್ದು, ಅದು ಮಣ್ಣಿನ ಕಥೆಯಲ್ಲ.

ಕೋಟದ ಶಿವರಾಮ ಕಾರಂತರು ಕೈಗಾ ಬೇಡ ಅಂತ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಆಗ ನಾವು ಟೀಚರ್ಸ್ ರೂಮಿನಲ್ಲಿ ಎರಡು ಪಂಗಡ ಆಗಿದ್ದೆವು. ನಾನು ಯಾವ ಪಂಗಡದಲ್ಲಿದ್ದೆ ಅಂತ ಕೇಳಬೇಡಿ, ನಡುವೆ ಒಮ್ಮೆ ಬದಲಾಯಿಸಿದ್ದೇನೆ.

ಉಳ್ಳಾಲದ ಕಪ್ಪು ಮರಳಿನಲ್ಲಿ ವಿಕಿರಣ ಉಂಟಂತೆ. ಅದು ಎಲ್ಲಿಂದ ಬಂತು?

ಯಾವ ಅಪಘಾತದಿಂದಲೂ ಅಲ್ಲ. ಮೊನಜೈಟ್ ಎಂಬ ಖನಿಜ, ಅದರಲ್ಲಿ ಸಹಜವಾಗಿ ಥೋರಿಯಂ. ಕೇರಳದ ಚವರದಲ್ಲಿ ಇದು ಪ್ರಸಿದ್ಧ. ಉಳ್ಳಾಲದ್ದನ್ನು ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಳೆದು 1993ರಲ್ಲಿ ಪ್ರಕಟಿಸಿದರು. ನಾನೂ ಒಂದು ಅಗ್ಗದ ಗೈಗರ್ ಯಂತ್ರ ಹಿಡಿದು ಹೋಗಿದ್ದೆ. ಬಿಳಿ ಹೊಯಿಗೆಯಲ್ಲಿ ಟಿಕ್... ಟಿಕ್ ಅನ್ನುತ್ತಿದ್ದದ್ದು ಕಪ್ಪು ಪಟ್ಟೆಯ ಮೇಲೆ ಇಟ್ಟ ಕೂಡಲೇ ಹುರಿಯುವ ಸಾಸಿವೆಯ ಹಾಗೆ ಚಟಪಟ ಅಂದಿತು. ಪಕ್ಕದಲ್ಲಿ ಚರುಮುರಿ ತಿನ್ನುತ್ತಿದ್ದ ಹುಡುಗರು ಎದ್ದು ಆಚೆ ಹೋದರು. ಸುಮ್ನೆ ಹೆದರಿಸಿದೆ ಅಂತ ಆಮೇಲೆ ಬೇಜಾರಾಯಿತು.

ಹಾಗಾದರೆ ನಮ್ಮ ತೋಟದ ಮಣ್ಣಿನಲ್ಲಿ ಸೀಸಿಯಂ ಇಲ್ಲ ತಾನೇ?

ಸ್ವಲ್ಪ ಉಂಟು. 1963ರ ಒಪ್ಪಂದದವರೆಗೆ ದೊಡ್ಡ ದೇಶಗಳು ಬಯಲಲ್ಲೇ ಬಾಂಬ್ ಸಿಡಿಸುತ್ತಿದ್ದವು. ಆ ಧೂಳು ಭೂಮಿ ಪೂರ್ತಿ ಇಳಿಯಿತು, ಘಟ್ಟದಂಥ ಮಳೆಯ ಜಾಗದಲ್ಲಿ ಸ್ವಲ್ಪ ಜಾಸ್ತಿ. ಈಗ ಉಳಿದಿರುವುದು ಕಿಲೋ ಮಣ್ಣಿಗೆ ಕೆಲವೇ ಬೆಕರೆಲ್. ಅದೇ ಮಣ್ಣಿನ ಸಹಜ ಪೊಟ್ಯಾಸಿಯಂನ ಎದುರು ಅದು ಏನೂ ಅಲ್ಲ.

ಎಲ್ಲಿ ಪರೀಕ್ಷೆ ಮಾಡಿಸುವುದು? ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬರುತ್ತದಾ?

ಅದರಲ್ಲಿ ಬರುವುದಿಲ್ಲ. ಸೀಸಿಯಂ ಅಳೆಯಲು ಗಾಮಾ ಸ್ಪೆಕ್ಟ್ರೋಮೀಟರ್ ಬೇಕು. ಯಾವ ವಸ್ತು ಎಷ್ಟು ಅಂತ ಬಿಡಿಸಿ ಹೇಳುವುದು ಅದೊಂದೇ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣವನ್ನೇ ಅಧ್ಯಯನ ಮಾಡುವ ಕೇಂದ್ರ ಉಂಟು. ನನ್ನ ಅಗ್ಗದ ಯಂತ್ರದ ಥರದ್ದನ್ನು ತರಕಾರಿಗೆ ಹಿಡಿದು ತೀರ್ಮಾನ ಮಾಡಬೇಡಿ.

## ಸ್ವಲ್ಪ ಆಳಕ್ಕೆ

ಅರ್ಧಾಯುಷ್ಯ 30 ವರ್ಷ ಆದರೆ ಫುಕುಶಿಮಾದಲ್ಲಿ ಮೊದಲ ಐದಾರು ವರ್ಷದಲ್ಲೇ ಅಷ್ಟು ಇಳಿದದ್ದು ಹೇಗೆ?

ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಕೇಳಿದ್ದು. ಅಲ್ಲಿ ಸೀಸಿಯಂ-134 ಮತ್ತು 137 ಹೆಚ್ಚುಕಮ್ಮಿ ಸಮ ಬೆಕರೆಲ್ ಬಿದ್ದಿದ್ದವು. ಆದರೆ ಬೆಕರೆಲ್‌ಗೆ ಬೆಕರೆಲ್ ಹೋಲಿಸಿದರೆ 134ರ ಕಿರಣ ಜೋರು. ಶುರುವಿನ ಡೋಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಅದು ಎರಡು ವರ್ಷಕ್ಕೆ ಅರ್ಧ ಆಗುವುದರಿಂದ ಒಟ್ಟು ಬೇಗ ಇಳಿಯಿತು. ಜೊತೆಗೆ ಕಣಗಳು ಒಂದೆರಡು ಸೆಂ.ಮೀ. ಒಳಗಿಳಿದರೂ ಮೇಲಿನ ಮಣ್ಣೇ ತಡೆಯಾಗುತ್ತದೆ. ಆಮೇಲೆ ಉಳಿಯುವುದು 137. ಇಳಿತ ಆಗ ನಿಧಾನ.

ಕಡಿಮೆ ಆಗುವ ಬದಲು ಜಾಸ್ತಿ ಆಗುವಂಥದ್ದೂ ಉಂಟಾ?

ಒಂದು ಉಂಟು, ಅಮೆರಿಸಿಯಂ-241. ಪ್ಲುಟೋನಿಯಂ-241 ಎಂಬುದು 14 ವರ್ಷಕ್ಕೆ ಅರ್ಧ ಆಗುತ್ತಾ ಅಮೆರಿಸಿಯಂ ಆಗಿ ಬದಲಾಗುತ್ತದೆ. ಅದರ ಅರ್ಧಾಯುಷ್ಯ 432 ವರ್ಷ. ಹಾಗಾಗಿ ಚೆರ್ನೋಬಿಲ್ ಹತ್ತಿರದ ಮಣ್ಣಿನಲ್ಲಿ ಅಮೆರಿಸಿಯಂ ಈ ಶತಮಾನದ ನಡುವಿನವರೆಗೂ ಏರುತ್ತಲೇ ಇರುತ್ತದೆ.

ಚೆರ್ನೋಬಿಲ್‌ನಲ್ಲಿ ಈಗ ತೋಳ, ಕುದುರೆ ಎಲ್ಲ ಉಂಟಂತೆ. ಸರಿಯಾಯಿತು ಅಂತಲೇ ಅಲ್ವಾ?

ಪ್ರಾಣಿಗಳು ಬಂದದ್ದು ಮಣ್ಣು ಶುದ್ಧ ಆಯಿತು ಅಂತಲ್ಲ, ನಾವು ಹೋದೆವು ಅಂತ. ಬೇಟೆ ಇಲ್ಲ, ಉಳುಮೆ ಇಲ್ಲ, ರಸ್ತೆ ಇಲ್ಲ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಕಾಡಿಗೆ ಬೆಂಕಿ ಬಿದ್ದಾಗ ಸ್ವಲ್ಪ ಸೀಸಿಯಂ ಮತ್ತೆ ಗಾಳಿಗೆ ಎದ್ದಿತು.

ಚೆರ್ನೋಬಿಲ್‌ನದ್ದು ಭಾರತಕ್ಕೆ ಬರಲೇ ಇಲ್ವಾ?

ಬೆಣ್ಣೆಯಲ್ಲಿ ಬಂತು. ಐರ್ಲೆಂಡಿನಿಂದ ಮುಂಬೈಗೆ ಬಂದ 200 ಟನ್ ಬೆಣ್ಣೆಯ ಬಗ್ಗೆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಜ್ಞರ ಸಮಿತಿ, ವಿಕಿರಣ ಮಿತಿಯೊಳಗಿದೆ, ತಿನ್ನಬಹುದು ಅಂದಿತು. 1988ರಲ್ಲಿ ಕೋರ್ಟು ಒಪ್ಪಿತು. ಮುಂಬೈಯ ಉಡುಪಿ ಹೋಟೆಲಿನಲ್ಲಿ ಆಗ ಕೆಲಸಕ್ಕಿದ್ದ ನನ್ನ ಭಾವ, ‘ಮಸಾಲೆ ದೋಸೆಗೆ ಬೆಣ್ಣೆ ಬೇಡ ಅನ್ನುವ ಗಿರಾಕಿ ಆ ವರ್ಷವೇ ನೋಡಿದ್ದು’ ಅನ್ನುತ್ತಾನೆ.

ಮಾಷ್ಟ್ರೇ, ನಿಮ್ಮ ಊರಿಗೇ ಹೀಗಾಗಿ, ಆರು ವರ್ಷ ಬಿಟ್ಟು ಈಗ ಬರಬಹುದು ಅಂದರೆ ನೀವು ವಾಪಸ್ ಬರುತ್ತೀರಾ?

ಈತಾತೆಯವರಿಗೆ ಹೀಗೇ ಆಯಿತು. 2017ರ ಮಾರ್ಚ್ ಕೊನೆಗೆ ಹೆಚ್ಚಿನ ಭಾಗಕ್ಕೆ ಬರಬಹುದು ಅಂದರು. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು. ಮಕ್ಕಳಿದ್ದವರು ಪೇಟೆಯಲ್ಲೇ ಉಳಿದರು. ಮನೆ ಸುತ್ತ ಶುದ್ಧ ಮಾಡಿದ್ದರು, ಹಿಂದಿನ ಕಾಡು ಹಾಗೇ ಇತ್ತು. ನಾನಾದರೂ ಬರುತ್ತಿದ್ದೆ ಅನ್ನಿಸುತ್ತದೆ. ಗದ್ದೆಗೆ ಪೊಟ್ಯಾಷ್ ಹಾಕಿ, ಅಕ್ಕಿ ಅಳೆಸಿ ಉಣ್ಣಬಹುದು.

ಈ ಪ್ರಶ್ನೆಯನ್ನು ರಾತ್ರಿ ಹೆಂಡತಿಗೂ ಕೇಳಿದೆ. ಅವಳು ಮಜ್ಜಿಗೆ ಕಡೆಯುತ್ತಾ ಇದ್ದಳು. ‘ಗುಡ್ಡೆಯಿಂದ ಸೊಪ್ಪು ತರಬಾರದು, ತರಗೆಲೆ ಗುಡಿಸಬಾರದು, ಬೂದಿ ಹಾಕಬಾರದು, ಕಲ್ಲಣಬೆ ಹೆಕ್ಕಬಾರದು. ಹಟ್ಟಿಗೆ ಎಂತ ಹಾಸುವುದು, ಅದನ್ನು ಹೇಳಿ ಮೊದಲು’ ಅಂದಳು.